ಅವರ ಗೋಳ್, ನಮ್ಮ ಗೋಳು

ನಮಸ್ಕಾರ. ಈ ಸಲದ ವಿಡಿಯೋದಲ್ಲಿ ಪ್ರವಾಸ ಇಲ್ಲ, ಜಲಪಾತ ಇಲ್ಲ, ಹೋಟೆಲ್ ತಿಂಡಿಯೂ ಇಲ್ಲ. ಈಗ ಕಾಣುತ್ತಿರುವುದು ನಮ್ಮ ಮನೆಯ ಅಂಗಳ. ಕಾಸರಗೋಡು ಜಿಲ್ಲೆ, ನೀರ್ಚಾಲಿನ ಹತ್ತಿರ. ಅಂಗಳದ ತುಂಬ ಅಡಕೆ ಒಣಗುತ್ತಾ ಉಂಟು. ಶನಿವಾರ ಸಂಜೆ ಆರು ಗಂಟೆ. ಸೊಸೈಟಿ ಬ್ಯಾಂಕಿನ ಕೆಲಸ ಮುಗಿಸಿ ಬಂದು, ಕಾಲು ತೊಳೆದು, ಕಾಫಿ ಕುಡಿದು ಕೂತಿದ್ದೇನೆ. ಇನ್ನು ನಡುರಾತ್ರಿವರೆಗೆ ನನಗೆ ಎರಡೇ ಕೆಲಸ. ಟಿವಿಯಲ್ಲಿ ಫುಟ್ಬಾಲ್ ನೋಡುವುದು, ನಡುವೆ ಸೋದರಳಿಯನ ಜೊತೆ ವಿಡಿಯೋ ಗೇಮ್ ಆಡಿ ಸೋಲುವುದು.

ಬಿಡುವಿದ್ದಾಗ ಎಂತ ಮಾಡ್ತೀ ಅಂತ ಯಾರಾದರೂ ಕೇಳಿದರೆ ಇಷ್ಟು ದಿನ ‘ಪುಸ್ತಕ ಓದ್ತೇನೆ’ ಅನ್ನುತ್ತಿದ್ದೆ. ಹಸಿ ಸುಳ್ಳು.

ಚಾವಡಿಯ ಮೂಲೆಯಲ್ಲಿ ಎಲೆಯಡಕೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಾರಲ್ಲ, ಅವರು ನಮ್ಮ ಅಜ್ಜಿ. ಅಜ್ಜಿ ಫುಟ್ಬಾಲ್ ನೋಡುವುದಿಲ್ಲ, ಕೇಳುತ್ತಾರೆ. ನಮ್ಮಲ್ಲಿ ಕಾಮೆಂಟರಿ ಮಲಯಾಳದಲ್ಲಿ. ಅದರ ಮಜಾ ಬೇರೆ ಮಾರಾಯ್ರೆ. ಶೈಜು ದಾಮೋದರನ್ ಬಾಯಿ ಬಿಟ್ಟರೆ ಸಾಕು, ಚೆಂಡು ಮೈದಾನದ ನಡುವೆ ಇರುವಾಗಲೇ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಗೋಲಿಗೆ ಮಲಯಾಳದಲ್ಲಿ ‘ಗೋಳ್’ ಅಂತಾರೆ. ಟಿವಿಯಲ್ಲಿ ಅದು ‘ಗೋ...ಳ್’ ಅಂತ ಉಸಿರು ಮುಗಿಯುವವರೆಗೆ ಎಳೆಯುತ್ತದೆ. ಕನ್ನಡದಲ್ಲಿ ಗೋಳು ಅಂದರೆ ಎಂತ ಅಂತ ನಿಮಗೆ ಹೇಳಬೇಕಾಗಿಲ್ಲ. ಮೊದಲ ಸಲ ಕೇಳಿದಾಗ ಅಜ್ಜಿಗೆ ಗಾಬರಿ. ಯಾರ ಮನೆಯಲ್ಲಿ ಏನಾಯಿತೋ ಅಂತ. ‘ಎಂತರ ಗೋಳು ಅದು?’ ಅಂತ ಎದ್ದೇಬಿಟ್ಟರು. ಈಗ ಅಭ್ಯಾಸ ಆಗಿದೆ. ಕೂಗು ಕೇಳಿದ ಕೂಡಲೇ ಎಲೆಗೆ ಸುಣ್ಣ ಹಚ್ಚುತ್ತಾ ‘ಇದು ಆರ ಗೋಳು?’ ಅಂತ, ಅಂದರೆ ಯಾರ ಗೋಳು ಅಂತ, ಕೇಳುತ್ತಾರೆ. ಯೋಚಿಸಿ ನೋಡಿ, ಪ್ರಶ್ನೆ ಎರಡು ಭಾಷೆಯಲ್ಲೂ ಸರಿ. ಒಬ್ಬರು ಗೋಳ್ ಹೊಡೆದರೆ ಇನ್ನೊಬ್ಬರದ್ದು ಗೋಳೇ ಅಲ್ವಾ?

ಶನಿವಾರ ಅಂದರೆ ಮೊದಲು ಇಂಗ್ಲೆಂಡಿನ ಪ್ರೀಮಿಯರ್ ಲೀಗ್. ಅಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಆಟ ನಮಗೆ ಸಂಜೆ ಏಳೂವರೆಗೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ಆಗ ನಮಗೆ ಎಂಟೂವರೆ. ಇಂಗ್ಲೆಂಡಿನ ಚಳಿಗಾಲಕ್ಕೆ ನೀರ್ಚಾಲಿನಲ್ಲಿ ಊಟದ ಹೊತ್ತು ಬದಲಾಗುವುದು ಯಾಕೆ ಅಂತ ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ. ತಮಾಷೆ ಎಂತ ಅಂದರೆ, ಆ ಮೂರು ಗಂಟೆಯ ಆಟವನ್ನು ಇಂಗ್ಲೆಂಡಿನವರೇ ಟಿವಿಯಲ್ಲಿ ನೇರವಾಗಿ ನೋಡುವ ಹಾಗಿಲ್ಲ. ಶನಿವಾರ 2.45ರಿಂದ 5.15ರವರೆಗೆ ಅಲ್ಲಿ ಫುಟ್ಬಾಲ್ ನೇರಪ್ರಸಾರಕ್ಕೆ ತಡೆ. 1960ರ ದಶಕದಿಂದ ಬಂದ ಕಟ್ಟಳೆ. ಜನ ಮನೆಯಲ್ಲಿ ಟಿವಿ ಮುಂದೆ ಕೂತರೆ ಸಣ್ಣ ಊರಿನ ಕ್ಲಬ್‌ಗಳ ಟಿಕೆಟ್ ಯಾರು ತಗೊಳ್ತಾರೆ ಅಂತ. ಮ್ಯಾಂಚೆಸ್ಟರಿನ ಮನುಷ್ಯ ರೇಡಿಯೋ ಕೇಳುತ್ತಿರುವಾಗ ನಾನಿಲ್ಲಿ ಗಂಜಿ ಉಣ್ಣುತ್ತಾ ಅವನ ಊರಿನ ಆಟ ನೋಡುತ್ತೇನೆ. ಸ್ವಲ್ಪ ಕೊಬ್ಬು ಬರುವುದು ಸಹಜ.

ಈಗ ಒಳಗೆ ಹೋಗೋಣ. ಟಿವಿ ಕೆಳಗೆ ಕಪ್ಪು ಡಬ್ಬಿ ಕಾಣುತ್ತಾ? ಅದು ಅಕ್ಕನ ಮಗನ ಪ್ಲೇಸ್ಟೇಷನ್. ಹಳದಿ ಜೆರ್ಸಿಯಲ್ಲಿ ಕಾಲು ಮಡಚಿ ಕೂತವನೇ ಅಳಿಯ. ಎಂಟನೇ ಕ್ಲಾಸ್. ಮುಖ ತೋರಿಸಬಾರದು ಅಂತ ಷರತ್ತು ಹಾಕಿದ್ದಾನೆ, ಹಾಗಾಗಿ ಬೆನ್ನು ಮಾತ್ರ.

ನನಗೆ ಫುಟ್ಬಾಲ್ ಕಲಿಸಿದ್ದು ಮೈದಾನ ಅಲ್ಲ, ಗೇಮ್. ಶಾಲೆಯಲ್ಲಿ ನನ್ನನ್ನು ಗೋಲಿ, ಅಂದರೆ ಗೋಲ್‌ಕೀಪರ್, ಮಾಡುತ್ತಿದ್ದರು. ಬೇರೆ ಯಾರೂ ನಿಲ್ಲದಿದ್ದರೆ ಮಾತ್ರ. ಹೈಸ್ಕೂಲಿನಲ್ಲಿ ಇರುವಾಗ ಚಿಕ್ಕಪ್ಪನ ಮನೆಯ ಕಂಪ್ಯೂಟರಿಗೆ ಯಾರೋ ಒಂದು ಸಿಡಿ ತಂದು ಹಾಕಿದರು, ಪ್ರೊ ಎವಲ್ಯೂಷನ್ ಸಾಕರ್ 6. ನಾವು ಬರೀ ‘ಪೆಸ್’ ಅನ್ನುತ್ತಿದ್ದೆವು. ಅದನ್ನು ಮಾಡಿದ ಕೊನಾಮಿ ಕಂಪನಿಯ ಹತ್ತಿರ ಎಲ್ಲ ಕ್ಲಬ್‌ಗಳ ಹೆಸರಿನ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಅದರಲ್ಲಿ ಚೆಲ್ಸಿ ಅಂದರೆ ‘ಲಂಡನ್ ಎಫ್‌ಸಿ’, ಲಿವರ್‌ಪೂಲ್ ಅಂದರೆ ‘ಮರ್ಸಿಸೈಡ್ ರೆಡ್’. ಎರಡು ವರ್ಷ ನಾನು ಲಂಡನ್ ಎಫ್‌ಸಿ ಅಭಿಮಾನಿ ಆಗಿದ್ದೆ! ಟಿವಿಯಲ್ಲಿ ನಮ್ಮ ತಂಡದ ಆಟ ಯಾಕೆ ಬರುವುದೇ ಇಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಅದರಲ್ಲಿ ನಾವೇ ಒಂದು ತಂಡ ನಡೆಸುವ ಮಾಸ್ಟರ್ ಲೀಗ್ ಅಂತ ಇತ್ತು, ಅಲ್ಲಿ ಶುರುವಿಗೆ ಕೊಡುತ್ತಿದ್ದ ಆಟಗಾರರೆಲ್ಲ ಕಂಪನಿಯೇ ಹುಟ್ಟಿಸಿದವರು. ಕಾಸ್ಟೊಲೊ, ಮಿನಾಂಡಾ, ಶಿಮೆಲೆಸ್. ಇಂಥವರು ಲೋಕದಲ್ಲೇ ಇಲ್ಲ. ಆದರೂ ಕಾಸ್ಟೊಲೊ ಹೊಡೆದ ಒಂದು ಗೋಲು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಜವಾದ ಎಷ್ಟೋ ಫೈನಲ್‌ಗಳು ಮರೆತುಹೋಗಿವೆ.

ಒಂದು ವಿಷಯ ಮಾತ್ರ ಆ ಗೇಮಿನಿಂದಲೇ ಕಲಿತೆ. ಅದರಲ್ಲಿ ‘ತ್ರೂ ಪಾಸ್’ ಅಂತ ಒಂದು ಬಟನ್. ಒತ್ತಿದರೆ ಚೆಂಡು ಆಟಗಾರ ನಿಂತಲ್ಲಿಗೆ ಹೋಗುವುದಿಲ್ಲ, ಅವನು ಓಡಿ ತಲುಪಬೇಕಾದ ಖಾಲಿ ಜಾಗಕ್ಕೆ ಹೋಗುತ್ತದೆ. ಸ್ವಲ್ಪ ತಡ ಮಾಡಿದರೆ ಅವನು ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿಬಿಟ್ಟಿರುತ್ತಾನೆ, ಅದು ಆಫ್‌ಸೈಡ್ ಅನ್ನುವ ತಪ್ಪು, ಬಾವುಟ ಏರುತ್ತದೆ. ನೂರು ಸಲ ಬಾವುಟ ಏರಿದ ಮೇಲೆ ನಾನು ಟಿವಿ ನೋಡುವ ರೀತಿಯೇ ಬದಲಾಯಿತು. ಮೊದಲೆಲ್ಲ ಚೆಂಡಿನ ಹಿಂದೆಯೇ ಕಣ್ಣು. ಈಗ ಚೆಂಡಿಲ್ಲದವನು ಎಲ್ಲಿಗೆ ಓಡುತ್ತಾನೆ ಅಂತ ನೋಡುತ್ತೇನೆ. ಅದೇ ನಿಜವಾದ ಆಟ. ನಮ್ಮಪ್ಪ ಇದನ್ನು ಒಪ್ಪುವುದಿಲ್ಲ. ‘ಚೆಂಡು ಬಿಟ್ಟು ಚೆಂಡಾಟ ನೋಡುವುದು ಎಂಥದ್ದು?’ ಅಂತಾರೆ.

ಈಗಿನ ಗೇಮ್‌ಗಳು ಎಷ್ಟು ನಿಜದ ಹಾಗಿವೆ ಅಂದರೆ, ಅಮ್ಮ ಅಡುಗೆಮನೆಯಿಂದ ಇಣುಕಿ ‘ಇದು ನಿಜದ್ದಾ, ಮಕ್ಕಳದ್ದಾ?’ ಅಂತ ಕೇಳಬೇಕಾಗುತ್ತದೆ. ಗೇಮಿನ ಕ್ಯಾಮೆರಾವನ್ನೂ ಟಿವಿಯವರ ಹಾಗೆ ಗ್ಯಾಲರಿ ಎತ್ತರದಲ್ಲೇ ಇಟ್ಟಿರುತ್ತಾರೆ. ಅಳಿಯ ಇವತ್ತಿಗೂ ‘ಫಿಫಾ ಹಾಕು ಮಾವ’ ಅಂತಾನೆ. ಗೇಮಿನ ಮೇಲೆ ಆ ಹೆಸರು ಈಗ ಇಲ್ಲ. 1993ರಲ್ಲಿ ಶುರುವಾದದ್ದು ಫಿಫಾ 23ಕ್ಕೆ ಮುಗಿಯಿತು. ಗೇಮ್ ಮಾಡುವ ಇಎ ಕಂಪನಿಗೂ ಲೋಕದ ಫುಟ್ಬಾಲ್ ಸಂಸ್ಥೆ ಫಿಫಾಕ್ಕೂ ಒಪ್ಪಂದ ಕುದುರಲಿಲ್ಲ. ಈಗ ಅದು ‘ಇಎ ಸ್ಪೋರ್ಟ್ಸ್ ಎಫ್‌ಸಿ’. ನನ್ನ ಪೆಸ್ ಕೂಡ 2021ರಲ್ಲಿ ‘ಇಫುಟ್ಬಾಲ್’ ಆಯಿತು. ಹೆಸರು ಬದಲಾದರೂ ನಾನು ಸೋಲುವುದು ಬದಲಾಗಲಿಲ್ಲ. ನೋಡಿ, ಈಗಲೇ 0–3.

ಹಳೇ ಪೆಸ್‌ನಲ್ಲಿ ಆಟಗಾರರ ಹೆಸರು ನಾವೇ ತಿದ್ದಬಹುದಿತ್ತು. ನಾನು ಮಾಡಿದ ಮೊದಲ ಕೆಲಸ, ಮುಂದಿನ ಸಾಲಿಗೆ ‘ರಾಫಿ’ ಅಂತ ಒಬ್ಬನನ್ನು ಹಾಕಿದ್ದು. ಮೊಹಮ್ಮದ್ ರಾಫಿ. ನಮ್ಮದೇ ಜಿಲ್ಲೆಯ ತೆಂಕು ತುದಿ, ತೃಕ್ಕರಿಪುರದವರು. ಆ ಕಡೆ ಫುಟ್ಬಾಲ್ ಅಂದರೆ ಊಟ ಬಿಡುತ್ತಾರೆ. ಬಡಗಿನ ನಾವು ಕ್ರಿಕೆಟ್ಟು, ಕಬಡ್ಡಿ, ಯಕ್ಷಗಾನ ಅಂತ ಹಂಚಿಹೋದವರು. 2016ರ ಡಿಸೆಂಬರ್ 18, ಇಂಡಿಯನ್ ಸೂಪರ್ ಲೀಗ್ ಅಂದರೆ ಐಎಸ್‌ಎಲ್ ಫೈನಲ್, ಕೊಚ್ಚಿ. ಕೇರಳ ಬ್ಲಾಸ್ಟರ್ಸ್‌ಗೆ ಮೊದಲ ಗೋಲು ಹೊಡೆದದ್ದು ಇದೇ ರಾಫಿ, ಮೈದಾನದ ಮೂಲೆಯಿಂದ ಹೊಡೆಯುವ ಕಾರ್ನರ್‌ಗೆ ತಲೆ ಕೊಟ್ಟು. ನಾನಾಗ ಬೆಂಗಳೂರಿನ ಪಿಜಿ ರೂಮಿನಲ್ಲಿ ಮಂಚದ ಮೇಲೆ ಹಾರಿದ್ದೆ. ಆಮೇಲೆ 1–1 ಆಗಿ ಪೆನಾಲ್ಟಿಯಲ್ಲಿ ಕೋಲ್ಕತಾದವರು ಗೆದ್ದರು. ಆ ಮಾತು ಬೇಡ.

ಆಗ ನನಗೆ ಚಿಂತೆ ಇರಲಿಲ್ಲ. ಬೆಂಗಳೂರು ಎಫ್‌ಸಿ ಆಡುತ್ತಿದ್ದದ್ದು ಐ–ಲೀಗ್‌ನಲ್ಲಿ, ಬ್ಲಾಸ್ಟರ್ಸ್ ಐಎಸ್‌ಎಲ್‌ನಲ್ಲಿ. ಕಂಠೀರವಕ್ಕೆ ಹೋಗಿ ನೀಲಿ ಶಾಲು ಬೀಸಿ, ರೂಮಿಗೆ ಬಂದು ಬ್ಲಾಸ್ಟರ್ಸ್‌ನ ಹಳದಿಗೆ ಚಪ್ಪಾಳೆ ಹೊಡೆಯಬಹುದಿತ್ತು. 2017ರಲ್ಲಿ ಬೆಂಗಳೂರು ಐಎಸ್‌ಎಲ್‌ಗೆ ಬಂತು ನೋಡಿ, ಮನೆಯೊಳಗೆ ಗಡಿ ಎದ್ದಿತು. ಬೆಂಗಳೂರಿನಲ್ಲಿ ನನ್ನನ್ನು ‘ಕೇರಳದವನು’ ಅನ್ನುತ್ತಿದ್ದರು. ಇಲ್ಲಿ ಆಫೀಸಿನಲ್ಲಿ ‘ಕನ್ನಡದವ’. ಫುಟ್ಬಾಲಿನಲ್ಲಾದರೂ ಒಂದು ಕಡೆ ಇರೋಣ ಅಂತ ನೀಲಿ ಹಿಡಿದೆ. ಅಳಿಯ ಹುಟ್ಟಾ ಹಳದಿ.

2023ರ ಮಾರ್ಚ್ 3 ಮಾತ್ರ ಮರೆಯುವ ಹಾಗಿಲ್ಲ. ಶುಕ್ರವಾರ ರಾತ್ರಿ, ಕಂಠೀರವದಲ್ಲಿ ಬೆಂಗಳೂರು–ಬ್ಲಾಸ್ಟರ್ಸ್ ಪ್ಲೇ ಆಫ್. ಹೆಚ್ಚುವರಿ ಸಮಯದವರೆಗೂ ಗೋಲಿಲ್ಲ. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲಿ ಇನ್ನೂ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಗೋಡೆ ಕಟ್ಟಿಸುತ್ತಿದ್ದಾನೆ, ಬೆಂಗಳೂರಿನ ಸುನಿಲ್ ಛೆಟ್ರಿ ಸೀಟಿಗೆ ಕಾಯದೆ ಚೆಂಡನ್ನು ನೆಟ್‌ಗೆ ಎತ್ತಿಹಾಕಿದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಟ ಅಲ್ಲಿಗೇ ಮುಗಿಯಿತು, ಗೆಲುವು ಬೆಂಗಳೂರಿಗೆ. ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಅಳಿಯ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ. ಮರುದಿನ ಆಫೀಸಿಗೆ ಹೋದರೆ ಬಾಗಿಲಲ್ಲೇ ‘ಅದ್ ಗೋಳಲ್ಲ!’ ಅಂತ ಕೂಗು. ನನಗೆ ನಗು ತಡೆಯಲಿಲ್ಲ. ಕನ್ನಡದಲ್ಲಿ ಕೇಳಿದರೆ, ಗೋಳಲ್ಲದೆ ಮತ್ತೇನು? ನಿಯಮದ ಪ್ರಕಾರ ಫ್ರೀ ಕಿಕ್ ಹೊಡೆಯುವವರು ಎದುರಾಳಿಗಳ ಗೋಡೆಯನ್ನು ದೂರ ನಿಲ್ಲಿಸಿ ಅಂತ ರೆಫರಿಯನ್ನು ಕೇಳದಿದ್ದರೆ ಬೇಗ ಹೊಡೆಯಬಹುದು, ಇಲ್ಲಿ ಕೇಳಿದ್ದರೋ ಇಲ್ಲವೋ ಅನ್ನುವುದೇ ಜಗಳ. ನಮ್ಮ ಮನೆಯಲ್ಲಿ ಆ ಕೇಸು ಈಗಲೂ ನಡೆಯುತ್ತಿದೆ.

ಮಳೆಗಾಲದ ಮಾತು ಒಂಚೂರು. ಮಾಡಿನ ಮೇಲೆ ಕಾಣುತ್ತಿರುವ ಡಿಶ್‌ಗೆ ಜೋರು ಮಳೆ ಆಗಿಬರುವುದಿಲ್ಲ. ಅದಕ್ಕೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು, ದಪ್ಪ ಹನಿಗಳು ಅದನ್ನು ನುಂಗಿಬಿಡುತ್ತವೆ. 2018ರ ಜುಲೈ 15, ಫ್ರಾನ್ಸ್–ಕ್ರೊವೇಷಿಯಾ ವಿಶ್ವಕಪ್ ಫೈನಲ್. ಎರಡನೇ ಅರ್ಧಕ್ಕೆ ಇಲ್ಲಿ ಮಳೆ ಸುರಿದು ಪರದೆ ಕಪ್ಪಾಯಿತು. ಚಿತ್ರ ತಿರುಗಿ ಬರುವಾಗ ಫ್ರಾನ್ಸ್ 4–2ಕ್ಕೆ ಗೆದ್ದಾಗಿತ್ತು. ಮಾಸ್ಕೋದಲ್ಲೂ ಜೋರು ಮಳೆ! ಕಪ್ ಕೊಡುವ ವೇದಿಕೆಯಲ್ಲಿ ಕ್ರೊವೇಷಿಯಾದ ಅಧ್ಯಕ್ಷೆ ತೊಪ್ಪೆಯಾಗಿ ನೆನೆದು ಆಟಗಾರರನ್ನು ಅಪ್ಪಿಕೊಳ್ಳುತ್ತಿದ್ದರು. ‘ಪಾಪ, ಒಂದು ಕೊಡೆ ಕೊಡಬಾರದಾ’ ಅಂದರು ಅಮ್ಮ.

ಆ ಕಥೆ ಸಾಕು ಅಂತ 2022ರ ಫೈನಲ್ ಮೊಬೈಲ್ ಆ್ಯಪ್‌ನಲ್ಲಿ ಹಾಕಿ ಟಿವಿಗೆ ಎಳೆದೆವು. ಪುಕ್ಕಟೆ ಬೇರೆ. ಮತ್ತೆ ಡಿಸೆಂಬರ್ 18, ರಾತ್ರಿ ಎಂಟೂವರೆ, ಅರ್ಜೆಂಟೀನಾ–ಫ್ರಾನ್ಸ್. ಊರು ಎರಡು ಪಾಲು. ಮೂಡು ಗುಡ್ಡೆಯ ಕ್ಲಬ್‌ನವರು ಅರ್ಜೆಂಟೀನಾ. ಪಡು ಕಡೆಯವರು ಬ್ರೆಜಿಲ್. ಬ್ರೆಜಿಲ್ ಕ್ವಾರ್ಟರ್ ಫೈನಲ್‌ನಲ್ಲೇ ಕ್ರೊವೇಷಿಯಾಕ್ಕೆ ಸೋತು ಮನೆಗೆ ಹೋಗಿತ್ತು. ಹಾಗಂತ ತಂದಿಟ್ಟ ಪಟಾಕಿ ಏನು ಮಾಡುವುದು? ಅವರು ಆ ರಾತ್ರಿಗೆ ಫ್ರಾನ್ಸ್ ಆದರು.

ಆಟ ಶುರುವಾಗಿ ಇಪ್ಪತ್ತು ನಿಮಿಷ ಆಗಿರಬೇಕು. ನಮ್ಮ ಪರದೆಯಲ್ಲಿ ಮೆಸ್ಸಿ ಇನ್ನೂ ಪೆನಾಲ್ಟಿ ಹೊಡೆಯಲು ಕಾಯುತ್ತಿದ್ದಾರೆ. ಮೂಡಿನಿಂದ ಢಂ ಢಂ! ಅಳಿಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅರ್ಧ ನಿಮಿಷ ಬಿಟ್ಟು ನಮ್ಮಲ್ಲಿ ಮೆಸ್ಸಿ ಪೆನಾಲ್ಟಿ ಹೊಡೆದರು. ಯಾಕೆ ಹೀಗೆ ಅಂತ ಆಮೇಲೆ ತಿಳಿದುಕೊಂಡೆ. ಕ್ಲಬ್‌ನವರು ನೋಡುತ್ತಿದ್ದದ್ದು ಡಿಶ್‌ನಲ್ಲಿ. ಅದರ ಸಿಗ್ನಲ್ 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹ ಮುಟ್ಟಿ ಕೆಳಗೆ ಬರಲು ಕಾಲು ಸೆಕೆಂಡು ಸಾಕು. ಮೊಬೈಲಿಗೆ ಬರುವ ಆಟವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಸರ್ವರ್‌ಗಳಿಗೆ ಹಂಚುತ್ತಾರೆ. ನಡುವೆ ನಿಲ್ಲಬಾರದು ಅಂತ ಫೋನು ಮೂರು ನಾಲ್ಕು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ. ಆಕಾಶಕ್ಕೆ ಹೋಗಿ ಬಂದದ್ದು ಮೊದಲು ತಲುಪಿತು, ಕೇಬಲಿನಲ್ಲಿ ಬಂದದ್ದು ಹಿಂದೆ ಉಳಿಯಿತು.

ಆ ರಾತ್ರಿ ನಾವು ಆಟ ನೋಡಿದ್ದು ಕಿವಿಯಲ್ಲಿ. ಮೂಡಿನಲ್ಲಿ ಢಂ ಅಂದರೆ ಅರ್ಜೆಂಟೀನಾ, ಪಡುವಿನಲ್ಲಿ ಅಂದರೆ ಫ್ರಾನ್ಸ್. 36ನೇ ನಿಮಿಷಕ್ಕೆ ಮೂಡು. 2–0. ಅಪ್ಪ ‘ಮುಗಿಯಿತು’ ಅಂತ ಮಲಗಲು ಎದ್ದರು. 80ನೇ ನಿಮಿಷಕ್ಕೆ ಪಡುವಿನಲ್ಲಿ ಒಂದು ಸರ. ಅದರ ಹೊಗೆ ಆರುವ ಮೊದಲೇ ಇನ್ನೊಂದು. ಒಂದೇ ಗೋಲಿಗೆ ಎರಡು ಸಲ ಹೊಡೆದರೋ ಅಂದುಕೊಂಡೆವು. ಅಲ್ಲ, ಎಂಬಾಪೆ ನೂರು ಸೆಕೆಂಡಿನೊಳಗೆ ಎರಡು ಗೋಲು ಹೊಡೆದಿದ್ದರು. 108ಕ್ಕೆ ಮೂಡು, ಮೆಸ್ಸಿ. 118ಕ್ಕೆ ಪಡು, ಮತ್ತೆ ಎಂಬಾಪೆ. 3–3. ಕೊನೆಯ ಗಳಿಗೆಯಲ್ಲಿ ಮೂಡಿನಿಂದ ದೊಡ್ಡ ಬೊಬ್ಬೆ ಕೇಳಿತು, ಪಟಾಕಿ ಮಾತ್ರ ಇಲ್ಲ. ಇದೆಂಥದ್ದು? ಕೂಗು ಉಂಟು, ಗೋಲಿಲ್ಲ! ಆ ಅರ್ಧ ನಿಮಿಷ ಕಳೆಯುವುದರೊಳಗೆ ನನಗೆ ಸಾಕುಸಾಕಾಯಿತು. ಫ್ರಾನ್ಸಿನ ಕೊಲೊ ಮುವಾನಿ ಒಬ್ಬರೇ ಗೋಲಿಯ ಎದುರು, ಅರ್ಜೆಂಟೀನಾದ ಗೋಲಿ ಮಾರ್ಟಿನೆಜ್ ಎಡಗಾಲು ಚಾಚಿದರು. ಪಟಾಕಿಯಲ್ಲಿ ಗೋಲು ಹೇಳಬಹುದು, ತಡೆದದ್ದು ಹೇಳುವುದು ಹೇಗೆ?

ಪೆನಾಲ್ಟಿಯನ್ನೂ ಹೀಗೆ ಕೇಳುವುದು ನನ್ನಿಂದ ಆಗುವುದಿಲ್ಲ ಅಂತ ಟಾರ್ಚ್ ಹಿಡಿದು ಇಬ್ಬರೂ ತೋಟದೊಳಗೆ ಓಡಿದೆವು. ಅಡಕೆ ಹಾಳೆ ಮೇಲೆ ಜಾರಿ ನಾನು ನೀರಿನ ಕಣಿಗೆ ಬಿದ್ದೆ, ಅಳಿಯ ತಿರುಗಿಯೂ ನೋಡಲಿಲ್ಲ. ಗುಡ್ಡೆ ಹತ್ತಿದಾಗ ಬಿಳಿ ಬಟ್ಟೆಯ ಮೇಲೆ ಪ್ರೊಜೆಕ್ಟರ್, ಎದುರಿಗೆ ನೂರಿನ್ನೂರು ಜನ. ತುಳು, ಮಲಯಾಳ, ಕನ್ನಡ, ಬ್ಯಾರಿ, ಮರಾಠಿ, ಎಲ್ಲ ಒಟ್ಟಿಗೆ ಉಸಿರು ಹಿಡಿದಿದ್ದರು. ಅರ್ಜೆಂಟೀನಾದ ಮೊಂಟಿಯೆಲ್ ಕೊನೆಯದನ್ನು ಹೊಡೆದಾಗ ಪಟಾಕಿಯೂ ಗೋಲೂ ಮೊದಲ ಸಲ ಒಟ್ಟಿಗೆ ಆದವು. ನನ್ನ ಚಪ್ಪಲಿ ಒಂದು ಇವತ್ತಿಗೂ ಸಿಕ್ಕಿಲ್ಲ.

ಸರಿ, ಕತ್ತಲಾಯಿತು. ಅಡಕೆಗೆ ಟಾರ್ಪಾಲು ಹಾಕಿ ಆಯಿತು. ಇವತ್ತು ರಾತ್ರಿ ಬ್ಲಾಸ್ಟರ್ಸ್ ಆಟ, ಮತ್ತೆ ಮೊಬೈಲ್ ಆ್ಯಪ್‌ನಲ್ಲೇ. ಗೇಮಿನಲ್ಲಿ 0–5 ಆದ ಮೇಲೆ ಅಳಿಯ ದಯೆ ತೋರಿ ರಿಮೋಟ್ ನನ್ನ ಕೈಗೆ ಕೊಟ್ಟಿದ್ದಾನೆ. ಬ್ಲಾಸ್ಟರ್ಸ್‌ಗೆ ಕಾರ್ನರ್ ಸಿಕ್ಕಿದೆ, ಚೆಂಡು ಇಡುತ್ತಿದ್ದಾರೆ. ಕೇಳಿಸಿತಾ ಈಗ? ಹೊರಗೆ, ಮೂಡು ಕಡೆ. ಅಳಿಯ ಆಗಲೇ ಎದ್ದು ನಿಂತ.

‘ಇದು ಆರ ಗೋಳು?’

‘ಗೊಂತಿಲ್ಲೆ ಅಜ್ಜಿ. ನಮಗಿನ್ನೂ ಕಾರ್ನರ್.’