ಡೆಕ್ಸಾ ರಿಪೋರ್ಟ್: ಎಲ್‌4 ಯಾಕೆ ಸುಳ್ಳು ಹೇಳುತ್ತೆ?

[ತೆರೆಯ ಮೇಲೆ: ರಿಪೋರ್ಟಿನ ಟಿ-ಸ್ಕೋರ್ ಪಟ್ಟಿ]

ಈ ರಿಪೋರ್ಟ್ ನೋಡಿ. ಡೆಕ್ಸಾ ಅಂದ್ರೆ ಮೂಳೆಯ ಸಾಂದ್ರತೆ ಅಳೆಯೋ ಎಕ್ಸ್-ರೇ ಸ್ಕ್ಯಾನ್. ಉದಾಹರಣೆಗೆ ನಾನೇ ಬರೆದುಕೊಂಡಿದ್ದು. 72 ವರ್ಷದ ಅಜ್ಜಿಯ ಬೆನ್ನುಮೂಳೆ, ಸೊಂಟದ ಭಾಗದ್ದು; ಅಲ್ಲಿನ ಒಂದೊಂದು ಮೂಳೆಗೂ ಮೇಲಿಂದ ಕೆಳಕ್ಕೆ ಎಲ್‌1, ಎಲ್‌2 ಅಂತ ಹೆಸರು. ಎಲ್‌1 ಮೈನಸ್ 2.8, ಎಲ್‌2 ಮೈನಸ್ 2.6, ಎಲ್‌3 ಮೈನಸ್ 2.5. ಎಲ್‌4 ಮಾತ್ರ ಮೈನಸ್ 0.2! ಆ ಒಂದು ಮೂಳೆಗೆ ಮಾತ್ರ ಪ್ರಾಯ ತಿರುಗಿ ಬಂತಾ?

ಟಿ-ಸ್ಕೋರ್ ಅಂದ್ರೆ ಆರೋಗ್ಯವಂತ ಯುವಜನರ ಸರಾಸರಿಗಿಂತ ನೀವೆಷ್ಟು ಕೆಳಗಿದ್ದೀರಿ ಅನ್ನೋ ಲೆಕ್ಕ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ರೆ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಸವೆದು ಸುಲಭವಾಗಿ ಮುರಿಯೋ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಅದು.

[ದೃಶ್ಯ: ಮೇಜಿನ ಮೇಲೆ ಅಂಗಾತ ಮಲಗಿದವರು, ಕಾಲ ಕೆಳಗೆ ಚೌಕದ ದಿಂಬು]

ಆ ದಿಂಬು ಆರಾಮಕ್ಕಲ್ಲ. ಕಾಲು ಎತ್ತಿಟ್ಟರೆ ಸೊಂಟದ ಬಾಗು ಮೇಜಿಗೆ ಒರಗಿ, ಮೂಳೆಗಳ ನಡುವಿನ ಸಂದು ಬಿಡಿಬಿಡಿಯಾಗಿ ಕಾಣುತ್ತೆ. ಆಮೇಲೆ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಹಾಯಿಸ್ತಾರೆ. ಮಾಂಸದ ಪಾಲು ಕಳೆದು ಮೂಳೆಯ ಖನಿಜ ಮಾತ್ರ ಉಳಿಸಿಕೊಳ್ಳೋಕೆ ಈ ಎರಡು ಬೇಕು.

ಎಡವಟ್ಟು ಇರೋದು ಅಳತೆಯಲ್ಲೇ. ಉತ್ತರ ಬರೋದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಅಂತ. ದಪ್ಪದ ಲೆಕ್ಕವೇ ಇಲ್ಲ. ಕಿರಣದ ದಾರಿಯಲ್ಲಿ ಸಿಕ್ಕಿದ್ದೆಲ್ಲ ಮೂಳೆಯ ಖಾತೆಗೇ ಜಮಾ: ಸವೆದ ಕೀಲಿನ ಸುತ್ತ ಬೆಳೆದ ಮೂಳೆಮುಳ್ಳು, ಮುಂದಿರೋ ಮಹಾಧಮನಿಯ ಸುಣ್ಣ, ಬೆಳಿಗ್ಗೆ ನುಂಗಿ ಇನ್ನೂ ಕರಗದ ಕ್ಯಾಲ್ಸಿಯಂ ಮಾತ್ರೆ ಕೂಡ! ಇನ್ನೂ ವಿಚಿತ್ರ ಕೇಳಿ. ಮುರಿದು ಕುಸಿದ ಮೂಳೆಗೂ ಒಳ್ಳೆ ಮಾರ್ಕ್ಸ್ ಬೀಳುತ್ತೆ. ಖನಿಜ ಅಷ್ಟೇ, ಜಾಗ ಮಾತ್ರ ಚಿಕ್ಕದಾಯ್ತಲ್ಲ!

ನಮ್ಮ ಅಜ್ಜಿಯ ಲೆಕ್ಕಕ್ಕೆ ಬನ್ನಿ. ನಾಲ್ಕೂ ಸೇರಿಸಿದ್ರೆ ಸರಾಸರಿ ಹತ್ತಿರ ಹತ್ತಿರ ಮೈನಸ್ 2. ಗೆರೆ ದಾಟಿಲ್ಲ, ಮನೆಗೆ ಹೋಗಿ. ಎಲ್‌4 ಬಿಟ್ಟರೆ ಮೈನಸ್ 2.6. ಈಗ ಚಿಕಿತ್ಸೆಯ ಮಾತು ಶುರು. ಪಕ್ಕದ ಮೂಳೆಗಿಂತ 1ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಆ ಮೂಳೆಯನ್ನ ಅನುಮಾನಿಸಿ ಕೈಬಿಡೋದು ವಾಡಿಕೆ. ಅದಕ್ಕೇ ನಂಬರ್ ಜೊತೆ ಚಿತ್ರವನ್ನೂ ಕೇಳಿ ತಗೊಳ್ಳಿ ಅಂತೀನಿ ನಾನು.

[ದೃಶ್ಯ: ಎರಡು ಸೆಟ್ ದೋಸೆ, ಹತ್ತಿರದಿಂದ]

ಎರಡಕ್ಕೂ ಅಷ್ಟೇ ಹಿಟ್ಟು. ಒಂದರಲ್ಲಿ ಸಣ್ಣ ತೂತು, ಇನ್ನೊಂದು ದೊಡ್ಡ ತೂತು ಬಿದ್ದು ಎತ್ತಿದ ಕೂಡ್ಲೆ ಹರಿಯುತ್ತೆ. ಮೂಳೆಯೊಳಗಿನ ಜಾಲರಿಯೂ ಹೀಗೇ. ಡೆಕ್ಸಾ ತೂಗುತ್ತೆ, ತೂತು ಎಣಿಸಲ್ಲ. ಅದೇ ಚಿತ್ರದ ಬೂದುಬಣ್ಣದ ಏರಿಳಿತ ಓದಿ ಜಾಲರಿಯ ಸ್ಥಿತಿ ಅಂದಾಜಿಸೋ ಟಿಬಿಎಸ್ ಅನ್ನೋ ಸಾಫ್ಟ್‌ವೇರ್ ಇದೆ. ದಪ್ಪವೂ ಸೇರಿದ ನಿಜವಾದ ಸಾಂದ್ರತೆ ಬೇಕಂದ್ರೆ ಕ್ಯೂಸಿಟಿ, ಅಂದ್ರೆ ಸಿಟಿ ಸ್ಕ್ಯಾನಿನಲ್ಲೇ ಸಾಂದ್ರತೆ ಅಳೆಯೋದು. ಅದರಲ್ಲಿ ವಿಕಿರಣ ಜಾಸ್ತಿ.

ಕೈಬಿಟ್ಟು ಕೈಬಿಟ್ಟು ಒಂದೇ ಮೂಳೆ ಉಳಿದ್ರೆ? ಆಗ ಬೆನ್ನಿನ ನಂಬರನ್ನೇ ಬದಿಗಿಟ್ಟು ತೊಡೆಮೂಳೆಯ ಮೇಲ್ಭಾಗ, ಮುಂಗೈ ಅಳೀತಾರೆ.