ಜೈಲಿನ ಗೇಟ್ ದಾಟಿದ ಮೊದಲ ಎರಡು ವಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಜೈಲಿನಿಂದ ಬಿಡುಗಡೆಯಾಗುವ ದಿನ ಅಂದರೆ ಒಳ್ಳೆಯ ದಿನ ಅಂತಲೇ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಗೇಟ್ ತೆಗೆಯುತ್ತದೆ, ಮನುಷ್ಯ ಆಚೆ ಬರುತ್ತಾನೆ, ಅಲ್ಲಿಗೆ ಕಷ್ಟ ಮುಗಿಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಹೀಗೆ ಆಚೆ ಬಂದ 30,237 ಜನರ ದಾಖಲೆಗಳನ್ನು ಕೆಲವು ವೈದ್ಯರು ಒಂದೊಂದಾಗಿ ತಾಳೆ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಇಷ್ಟು: ಬಿಡುಗಡೆಯಾದ ಮೊದಲ ಎರಡು ವಾರ, ಅದೇ ರಾಜ್ಯದ ಉಳಿದ ಜನರಿಗಿಂತ ಇವರಿಗೆ ಸಾವಿನ ಅಪಾಯ 12.7 ಪಟ್ಟು ಜಾಸ್ತಿ. ಡ್ರಗ್ಸ್ ಓವರ್‌ಡೋಸ್‌ನಿಂದ ಸಾಯುವ ಅಪಾಯವನ್ನಷ್ಟೇ ತೆಗೆದುಕೊಂಡರೆ 129 ಪಟ್ಟು. ನೂರ ಇಪ್ಪತ್ತೊಂಬತ್ತು. ಈ ಸಂಖ್ಯೆ ಮೊದಲು ಓದಿದಾಗ ಮುದ್ರಣದ ತಪ್ಪಿರಬೇಕು ಅಂತ ನಾನು ಎರಡು ಸಲ ನೋಡಿದೆ.

ಯಾಕೆ ಹೀಗೆ? ಒಳಗಿದ್ದಷ್ಟು ದಿನ ಡ್ರಗ್ಸ್ ಸಿಗದೆ ಅಥವಾ ಕಡಿಮೆ ಸಿಕ್ಕಿ, ಅದನ್ನು ತಾಳಿಕೊಳ್ಳುವ ಶಕ್ತಿ ದೇಹದಲ್ಲಿ ಇಳಿದುಹೋಗಿರುತ್ತದೆ. ಚಟದ ಕಾಯಿಲೆ ಮಾತ್ರ ಹಾಗೇ ಉಳಿದಿರುತ್ತದೆ, ಯಾಕೆಂದರೆ ಎಷ್ಟೋ ಸಲ ಅದಕ್ಕೆ ಯಾರೂ ಚಿಕಿತ್ಸೆ ಕೊಟ್ಟಿರುವುದಿಲ್ಲ. ಹೊರಗೆ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಚಟ ಇಲ್ಲದವರ ಪಾಡೂ ಸುಲಭವಲ್ಲ. ಸಕ್ಕರೆ ಕಾಯಿಲೆಯವನ ಕೈಯಲ್ಲಿ ನಾಲ್ಕು ದಿನದ ಔಷಧಿ ಇರಬಹುದು, ಮುಗಿದರೆ ಮುಂದೆ ಯಾವ ಡಾಕ್ಟರ ಹತ್ತಿರ ಹೋಗಬೇಕು ಅಂತ ಗೊತ್ತಿರುವುದಿಲ್ಲ, ಗುರುತಿನ ಚೀಟಿ ಇಲ್ಲ, ಫೋನ್ ಇಲ್ಲ, ಎಷ್ಟೋ ಸಲ ರಾತ್ರಿ ಮಲಗುವುದಕ್ಕೆ ಜಾಗವೂ ಇಲ್ಲ.

ಇದರ ಹಿಂದೆ ಒಂದು ಹಳೆಯ ನಿಯಮ ಇದೆ. ಮೆಡಿಕೇಡ್ ಅನ್ನುವುದು ಬಡವರ ಚಿಕಿತ್ಸೆಗೆ ಅಮೆರಿಕದ ಸರ್ಕಾರ ಹಣ ಕೊಡುವ ಯೋಜನೆ. 1965ರಲ್ಲಿ ಅದು ಶುರುವಾದಾಗಲೇ, ಜೈಲಿನಲ್ಲಿರುವವರಿಗೆ ಈ ಹಣ ಇಲ್ಲ ಅಂತ ಕಾನೂನಿನಲ್ಲೇ ಬರೆದರು. ಹೊರಗಿನ ಆಸ್ಪತ್ರೆಗೆ ಒಳರೋಗಿಯಾಗಿ ಸೇರಿಸಿದರೆ ಮಾತ್ರ ವಿನಾಯಿತಿ. ಒಳಗಿನ ಖರ್ಚು ರಾಜ್ಯದ್ದೋ ಕೌಂಟಿಯದ್ದೋ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ್ದೋ ಆಯಿತು. ಎಷ್ಟೋ ಕಡೆ ಜೈಲಿಗೆ ಹೋದವರ ಹೆಸರನ್ನೇ ಮೆಡಿಕೇಡ್ ಪಟ್ಟಿಯಿಂದ ತೆಗೆದುಹಾಕುತ್ತಿದ್ದರು. ಅಂದರೆ ಬಿಡುಗಡೆಯಾದವನು ಮೊದಲಿನಿಂದ ಅರ್ಜಿ ಹಾಕಿ ಕಾಯಬೇಕು. ಸಾವಿನ ಅಪಾಯ ಎಲ್ಲಕ್ಕಿಂತ ಜಾಸ್ತಿ ಇರುವ ಆ ಎರಡು ವಾರ ಕಾಯುವುದರಲ್ಲೇ ಕಳೆದುಹೋಗುತ್ತಿತ್ತು. ನನಗೆ ಎಲ್ಲಕ್ಕಿಂತ ಸಂಕಟ ಆಗುವುದು ಇಲ್ಲೇ.

ವಿಚಿತ್ರ ಅಂದರೆ, ಚಿಕಿತ್ಸೆ ಪಡೆಯುವ ಹಕ್ಕನ್ನು ಅಲ್ಲಿನ ಸಂವಿಧಾನವೇ ಕಾಯುವುದು ಕೈದಿಗಳಿಗೆ. ಟೆಕ್ಸಾಸ್ ಜೈಲಿನಲ್ಲಿ ಕೆಲಸ ಮಾಡುವಾಗ ಹತ್ತಿಯ ಮೂಟೆ ಮೈಮೇಲೆ ಬಿದ್ದು ಬೆನ್ನಿಗೆ ಪೆಟ್ಟಾದ ಗ್ಯಾಂಬಲ್ ಅನ್ನುವ ಕೈದಿ ತಾನೇ ಬರೆದು ದೂರು ಕೊಟ್ಟ. 1976ರಲ್ಲಿ ಸುಪ್ರೀಂ ಕೋರ್ಟ್, ಕೈದಿಯ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಕಡೆಗಣಿಸುವುದು ಕ್ರೂರ ಶಿಕ್ಷೆಗೆ ಸಮ ಎಂದಿತು. ಗ್ಯಾಂಬಲ್ ತನ್ನ ಸ್ವಂತ ಕೇಸ್ ಸೋತ, ಪಾಪ. ಅವನಿಂದ ಬಂದ ಹಕ್ಕು ಉಳಿದವರಿಗೆ ಸಿಕ್ಕಿತು. ಆದರೆ ಆ ಹಕ್ಕು ಗೇಟ್‌ನ ಒಳಗಿನ ಮಾತು. ಗೇಟ್ ದಾಟಿದ ಮೇಲೆ ಯಾರು ನೋಡಿಕೊಳ್ಳಬೇಕು?

ಉತ್ತರ ಬರುವುದಕ್ಕೆ ಬಹಳ ವರ್ಷ ಹಿಡಿಯಿತು. 2023ರ ಜನವರಿಯಲ್ಲಿ ಮೊದಲ ಬಾರಿಗೆ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಸಿಕ್ಕಿತು: ಬಿಡುಗಡೆಗೆ 90 ದಿನ ಇರುವಾಗಲೇ ಕೆಲವು ಸೇವೆಗಳಿಗೆ ಮೆಡಿಕೇಡ್ ಹಣ ಬಳಸಬಹುದು. ಆಮೇಲೆ ಬೇರೆ ರಾಜ್ಯಗಳೂ ಕೇಳಿಕೊಂಡು ಬಂದವು. ಜೈಲಿನೊಳಗೇ ಹೊರಗಿನ ಡಾಕ್ಟರ ಜೊತೆ ಮಾತು ಶುರು ಮಾಡಿ, ಹೊರಡುವಾಗ ಔಷಧಿಯನ್ನು ಕೈಗೇ ಕೊಟ್ಟು ಕಳಿಸುವುದು ಇದರ ಉದ್ದೇಶ. ಕೇಳುವುದಕ್ಕೆ ಎಷ್ಟು ಸರಳ ಅಲ್ವಾ?

ಇದರಿಂದ ಪ್ರಯೋಜನ ಆಗುತ್ತದಾ ಅನ್ನುವವರಿಗೆ ನಾನು ರೋಡ್ ಐಲೆಂಡ್ ತೋರಿಸುತ್ತೇನೆ. ಪುಟ್ಟ ರಾಜ್ಯ. 2016ರಲ್ಲಿ ಅದು ತನ್ನ ಜೈಲುಗಳಲ್ಲಿ ಓಪಿಯಾಯ್ಡ್ ಚಟದ, ಅಂದರೆ ಹೆರಾಯಿನ್‌ನಂಥ ಡ್ರಗ್ಸ್ ಚಟದ, ಚಿಕಿತ್ಸೆಯ ಮೂರೂ ಔಷಧಿಗಳನ್ನು, ಅಂದರೆ ಮೆಥಡೋನ್, ಬ್ಯೂಪ್ರಿನಾರ್ಫಿನ್, ನಾಲ್ಟ್ರೆಕ್ಸೋನ್, ಕೊಡುವುದಕ್ಕೆ ಶುರು ಮಾಡಿ ಹೊರಗೂ ಅದು ತಪ್ಪದಂತೆ ನೋಡಿಕೊಂಡಿತು. 2016ರ ಮೊದಲ ಆರು ತಿಂಗಳಲ್ಲಿ ಓವರ್‌ಡೋಸ್‌ನಿಂದ ಸತ್ತವರಲ್ಲಿ, ಹೊಸದಾಗಿ ಜೈಲಿನಿಂದ ಬಂದವರು 26 ಜನ. ಮುಂದಿನ ವರ್ಷ ಅದೇ ಆರು ತಿಂಗಳಲ್ಲಿ 9. ಸಣ್ಣ ಸಂಖ್ಯೆ ಅನ್ನಿಸಬಹುದು. ಅಷ್ಟು ಮನೆಗಳಿಗೆ ಸಾವಿನ ಫೋನ್ ಬರಲಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ.

ಇನ್ನು ಸಂಶೋಧನೆಯ ವಿಷಯ. ಇಲ್ಲಿ ಒಂದು ಕರಾಳ ಕಥೆ ಹೇಳಲೇಬೇಕು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1950ರ ದಶಕದಿಂದ 1974ರವರೆಗೆ ಕೈದಿಗಳ ಚರ್ಮದ ಮೇಲೆ ಪ್ರಯೋಗಗಳು ನಡೆದವು. ಕೈಗೆ ನಾಲ್ಕು ಕಾಸು ಸಿಗುತ್ತದೆ ಅಂತ ಅವರು ಒಪ್ಪಿಕೊಳ್ಳುತ್ತಿದ್ದರು. ಜೈಲಿನಲ್ಲಿ ಅಷ್ಟು ದುಡ್ಡು ಸಂಪಾದಿಸುವ ದಾರಿ ಬೇರೆ ಇಲ್ಲದಿದ್ದಾಗ ಆ ಒಪ್ಪಿಗೆಗೆ ಏನು ಬೆಲೆ? ಇಂಥದ್ದು ಬಯಲಾದ ಮೇಲೆ 1978ರಲ್ಲಿ ಕೈದಿಗಳ ಮೇಲಿನ ಸಂಶೋಧನೆಗೆ ಕಟ್ಟುನಿಟ್ಟಾದ ನಿಯಮ ಬಂತು. ಬರಲೇಬೇಕಿತ್ತು. ಆದರೆ ಹೊರಗೆ ಒಂದು ಅಧ್ಯಯನಕ್ಕೆ ಸೇರಿಕೊಂಡವನು ನಡುವೆ ಜೈಲಿಗೆ ಹೋದರೆ, ಬೇರೆ ಅನುಮತಿ ಸಿಗುವ ತನಕ ಅವನ ವಿವರ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಗುತ್ತದೆ. ಹಾಗಾಗಿ ಯಾರ ಬಗ್ಗೆ ತಿಳಿಯುವುದು ತೀರಾ ಅಗತ್ಯವೋ ಅವರೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. 2019ರಲ್ಲಿ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಕೋರ್ಟು-ಜೈಲುಗಳ ಸುತ್ತ ಓಪಿಯಾಯ್ಡ್ ಚಟದ ಚಿಕಿತ್ಸೆ ಕುರಿತು ಜೆಕಾಯಿನ್ ಅನ್ನುವ ದೊಡ್ಡ ಜಾಲವನ್ನೇ ಕಟ್ಟಿತು. ಈ ಸಲ ಪ್ರಶ್ನೆ ಬೇರೆ: ಯಾವ ಚಿಕಿತ್ಸೆ ಇವರನ್ನು ಬದುಕಿಸುತ್ತದೆ?

ಕೊನೆಗೆ ನನಗೆ ತುಂಬಾ ಇಷ್ಟವಾದ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ರಾನ್ಸಿಷನ್ಸ್ ಕ್ಲಿನಿಕ್ ಅಂತ ಶುರುವಾಯಿತು. ಜೈಲಿನಿಂದ ಬಂದವರಿಗಾಗಿಯೇ ಇರುವ ಚಿಕಿತ್ಸಾಲಯ. ಅಲ್ಲಿ ಆರೋಗ್ಯ ಕಾರ್ಯಕರ್ತರಾಗಿ ಕೆಲಸಕ್ಕೆ ಸೇರುವವರು ಸ್ವತಃ ಜೈಲು ಕಂಡವರು. ಈಗ ಇಂಥ ಕ್ಲಿನಿಕ್‌ಗಳು ಬೇರೆ ರಾಜ್ಯಗಳಲ್ಲೂ ಇವೆ. ಈ ಕ್ಲಿನಿಕ್‌ಗೆ ಬಂದವರು ತುರ್ತು ಚಿಕಿತ್ಸೆಗೆ ಓಡುವುದು ಸುಮಾರು ಅರ್ಧದಷ್ಟು ಕಡಿಮೆಯಾಯಿತು ಅಂತ ಒಂದು ಅಧ್ಯಯನದಲ್ಲಿ ಕಂಡುಬಂತು. ಹೊಸದಾಗಿ ಹೊರಬಂದವನು ಡಾಕ್ಟರ ಮುಂದೆ ಬಾಯಿ ಬಿಡದೆ ಸುಮ್ನೆ ಕೂತಿದ್ದರೆ, ಪಕ್ಕದಲ್ಲಿ ಕೂತ ಆ ಕಾರ್ಯಕರ್ತನಿಗೆ ಅವನ ಮೌನ ಅರ್ಥವಾಗುತ್ತದೆ. ಔಷಧಿ ಅಂಗಡಿಗೆ ಜೊತೆಯಲ್ಲಿ ನಡೆದು ಹೋಗುತ್ತಾನೆ, ಅರ್ಜಿ ತುಂಬಿಸುತ್ತಾನೆ, ಮುಂದಿನ ವಾರ ಬರುವುದು ಮರೆತರೆ ಹುಡುಕಿಕೊಂಡು ಹೋಗುತ್ತಾನೆ.

ನಮಸ್ಕಾರ.