ಬೋರ್ಡ್ ಹಾಕಿ ವರ್ಷವಾಯಿತು, ಮನೆ ಹೋಗಿಲ್ಲ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ, ಮಾರಲು ಇಟ್ಟ ಮನೆ ಹೋಗದೆ ಕಾಯುವವರ ಒತ್ತಡ. ಇದನ್ನು ಓದಿ ಕೆಲವರಿಗೆ ನಗು ಬಂದಿರಬಹುದು. ಮನೆ ಮಾರುವುದಕ್ಕೂ ಒಂದು ಉಪನ್ಯಾಸವೇ ಅಂತ. ಆದರೆ ನಮ್ಮ ತುಮಕೂರಿನ ಎಸ್‌ಐಟಿ ಬಡಾವಣೆ, ಅಶೋಕನಗರ, ಸರಸ್ವತಿಪುರಂ ಕಡೆ ಬೆಳಿಗ್ಗೆ ವಾಕಿಂಗ್ ಹೋಗುವವರು ಗೇಟುಗಳನ್ನು ನೋಡಿಯೇ ಇರುತ್ತೀರಿ. ‘ಈ ಮನೆ ಮಾರಾಟಕ್ಕಿದೆ’ ಅಂತ ಒಂದು ಬೋರ್ಡ್, ಕೆಳಗೆ ಫೋನ್ ನಂಬರ್. ಕೆಲವು ಬೋರ್ಡಿನ ಬಣ್ಣ ಬಿಸಿಲಿಗೆ ಹೋಗಿ ನಂಬರಿನ ಎರಡು ಅಂಕಿ ಕಾಣುವುದೇ ಇಲ್ಲ. ಅಂಥ ಮನೆಯ ಒಳಗೆ ಏನು ನಡೆಯುತ್ತಿದೆ ಅನ್ನುವುದು ನನಗೆ ಸ್ವಲ್ಪ ಗೊತ್ತು. ಬ್ಯಾಂಕಿನ ಗೃಹಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನನ್ನ ಮೇಜಿನ ಮುಂದೆ ಕೊಳ್ಳುವವರೂ ಕೂತಿದ್ದಾರೆ, ಮಾರುವವರೂ ಕೂತಿದ್ದಾರೆ. ನಿದ್ದೆಗೆಟ್ಟ ಮುಖ ಯಾವತ್ತೂ ಮಾರುವವರದೇ.

ಬೋರ್ಡ್ ಹಾಕಿದ ಮೊದಲ ವಾರ ಫೋನ್ ಬರುತ್ತಲೇ ಇರುತ್ತದೆ. ಬಹುಪಾಲು ಬ್ರೋಕರ್‌ಗಳದ್ದು. ಎರಡನೇ ತಿಂಗಳಿಗೆ ಅದೂ ನಿಲ್ಲುತ್ತದೆ. ಆಮೇಲೆ ಯಾವುದೋ ಭಾನುವಾರ ಒಂದು ಕುಟುಂಬ ಬರುತ್ತದೆ. ಅವರು ಬರುತ್ತಾರೆ ಅಂತ ಮನೆಯಾಕೆ ಐದು ಗಂಟೆಗೇ ಎದ್ದು ಮನೆಯೆಲ್ಲ ಒರೆಸಿರುತ್ತಾರೆ. ಬಂದವರು ಹತ್ತು ನಿಮಿಷ ಇರುತ್ತಾರೆ. ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಬೋರ್ ಎಷ್ಟು ಅಡಿ, ಕಾರು ಒಳಗೆ ಬರುತ್ತದಾ, ಬಾಗಿಲು ಯಾವ ದಿಕ್ಕು ಅಂತ ಕೇಳುತ್ತಾರೆ. ಅಡುಗೆಮನೆ ಗೋಡೆಯನ್ನು ಬೆರಳಿಂದ ತಟ್ಟಿ ನೋಡುತ್ತಾರೆ. ‘ಮನೇಲಿ ಮಾತಾಡಿ ಹೇಳ್ತೀವಿ’ ಅಂದು ಹೋಗುತ್ತಾರೆ. ಮತ್ತೆ ಫೋನ್ ಇಲ್ಲ. ಹೀಗೇ ವರ್ಷ ಕಳೆದರೆ ಎಂಥ ಗಟ್ಟಿ ಮನುಷ್ಯನೂ ಕುಗ್ಗುತ್ತಾನೆ.

ಇದನ್ನು ನಾವು ಹಣದ ಚಿಂತೆ ಅಂದುಕೊಳ್ಳುತ್ತೇವೆ. ಹಣದ್ದು ಅರ್ಧ ಮಾತ್ರ. ಇನ್ನರ್ಧ, ಯಾವುದೂ ತೀರ್ಮಾನವಾಗದೆ ನೇತಾಡುವುದು. ಮಗಳ ಮದುವೆ ಮಾತು ಮುಂದಕ್ಕೆ, ಸುಣ್ಣಬಣ್ಣ ಮುಂದಕ್ಕೆ, ಸೋರುವ ನಲ್ಲಿ ಕೂಡ ‘ಹೇಗೂ ಮಾರ್ತೀವಲ್ಲ’ ಅಂತ ಮುಂದಕ್ಕೆ. ಮಾರುಕಟ್ಟೆ ನಮ್ಮ ಕೈಯಲ್ಲಿಲ್ಲ. ಆದರೆ ಬೆಲೆ, ಕಾಗದಪತ್ರ, ಗಡುವು, ಈ ಮೂರರ ತೀರ್ಮಾನ ನಮ್ಮದೇ. ಇದನ್ನು ಮೊದಲೇ ಮುಗಿಸಿಟ್ಟುಕೊಂಡ ಮನೆಗಳಲ್ಲಿ ಮಾರಾಟ ತಡವಾದರೂ ಜನ ಹೊತ್ತಿಗೆ ಸರಿಯಾಗಿ ಉಂಡು ಮಲಗಿದ್ದನ್ನು ನೋಡಿದ್ದೇನೆ.

ಮನೆ ಯಾಕೆ ಹೋಗುತ್ತಿಲ್ಲ ಅನ್ನುವುದನ್ನು ಮೊದಲು ನೋಡೋಣ. ಹಳೇ ಸ್ವತಂತ್ರ ಮನೆ ಕೇಳಿಕೊಂಡು ಬರುವವರೇ ಕಡಿಮೆ. ಅದೇ ದುಡ್ಡಿಗೆ ಊರ ಹೊರಗಿನ ಹೊಸ ಲೇಔಟ್‌ನಲ್ಲಿ ಸೈಟ್ ತೆಗೆದು ಬೇಕಾದ ಹಾಗೆ ಕಟ್ಟಿಸಿಕೊಳ್ಳೋಣ ಅನ್ನುವುದು ಚಿಕ್ಕ ವಯಸ್ಸಿನವರ ಲೆಕ್ಕ. ಬೆಂಗಳೂರು 70 ಕಿಲೋಮೀಟರ್. ಅಲ್ಲಿಂದ ಹೂಡಿಕೆಗೆ ಬರುವವರೂ ಸೈಟ್ ಕೇಳುತ್ತಾರೆಯೇ ಹೊರತು 30 ವರ್ಷದ ಹಳೇ ಮನೆ ಕೇಳುವುದಿಲ್ಲ. ಬ್ಯಾಂಕಿನ ವ್ಯಾಲ್ಯುಯರ್ ಬಂದರೆ ಜಾಗಕ್ಕೆ ಸರಿಯಾದ ಬೆಲೆ ಹಾಕುತ್ತಾರೆ, ಕಟ್ಟಡಕ್ಕೆ ಮಾತ್ರ ವಯಸ್ಸು ನೋಡಿ ಕಡಿತ ಮಾಡುತ್ತಾರೆ. ನೀವು ತೇಗದ ಬಾಗಿಲಿಗೆ ಹಾಕಿದ ದುಡ್ಡು ಅವರ ಲೆಕ್ಕಕ್ಕೆ ಬರುವುದಿಲ್ಲ. ಕೊಳ್ಳುವವರ ಖರ್ಚೂ ಏರಿದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2 ಆಯಿತು. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ ನಗರದಲ್ಲಿ ಶೇಕಡ 7.6. ಅಂದರೆ 60 ಲಕ್ಷದ ಮನೆಗೆ ನಾಲ್ಕೂವರೆ ಲಕ್ಷ ದಾಟುತ್ತದೆ. ಸಾಮಾನ್ಯವಾಗಿ ಇದು ಗೃಹಸಾಲದಲ್ಲಿ ಬರುವುದಿಲ್ಲ, ಕೈಯಿಂದಲೇ ಹಾಕಬೇಕು. ಹಾಗಾಗಿ ಬಂದವರು ಸುಮ್ಮನಾದರೆ ನಿಮ್ಮ ಮನೆ ಚೆನ್ನಾಗಿಲ್ಲ ಅಂತ ಅಲ್ಲ. ಎಷ್ಟೋ ಸಲ ಅವರ ಲೆಕ್ಕವೇ ಕೂಡಿಬಂದಿರುವುದಿಲ್ಲ.

ಈಗ ಬೆಲೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಜೊತೆಗಾರರೊಬ್ಬರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆ ಒಂದು ಪ್ರಯೋಗ ಮಾಡಿ 1990ರಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ಒಂದೊಂದು ಕಾಫಿ ಮಗ್ ಕೊಟ್ಟರು. ಎಷ್ಟಕ್ಕೆ ಮಾರುತ್ತೀರಿ ಅಂತ ಅವರನ್ನು ಕೇಳಿದರು. ಎಷ್ಟು ಕೊಟ್ಟು ಕೊಳ್ಳುತ್ತೀರಿ ಅಂತ ಮಗ್ ಸಿಗದವರನ್ನು ಕೇಳಿದರು. ಮಗ್ ಇದ್ದವರು ಹೇಳಿದ ಬೆಲೆ, ಇಲ್ಲದವರು ಹೇಳಿದ್ದರ ಸುಮಾರು ಎರಡರಷ್ಟು. ಆಗಷ್ಟೇ ಕೈಗೆ ಬಂದ ಮಗ್‌ಗೇ ಹೀಗಾದರೆ, ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆದು, ಪಿ.ಎಫ್. ಸಾಲ ತೆಗೆದು ಕಟ್ಟಿಸಿದ ಮನೆಗೆ ನಾವು ಎಷ್ಟು ಹೇಳುತ್ತೇವೆ, ಯೋಚನೆ ಮಾಡಿ. ಇದು ದುರಾಸೆ ಅಲ್ಲ. ಮನುಷ್ಯರ ಮನಸ್ಸು ಇರುವುದೇ ಹಾಗೆ.

ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. 1990ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ಫ್ಲ್ಯಾಟುಗಳ ಬೆಲೆ ಬಿದ್ದಿತ್ತು. ಡೇವಿಡ್ ಜೆನೆಸೋವ್, ಕ್ರಿಸ್ಟೋಫರ್ ಮೇಯರ್ ಅನ್ನುವ ಅರ್ಥಶಾಸ್ತ್ರಜ್ಞರು ಆಗಿನ ಮಾರಾಟದ ಲೆಕ್ಕ ತೆಗೆದು 2001ರಲ್ಲಿ ಪ್ರಕಟಿಸಿದರು. ಕೊಂಡಿದ್ದಕ್ಕಿಂತ ಕಡಿಮೆಗೆ ಕೊಡಬೇಕಾದ ಸ್ಥಿತಿಯಲ್ಲಿದ್ದವರು, 10 ರೂಪಾಯಿ ನಷ್ಟ ಎದುರಿಗಿದ್ದರೆ ಅದರಲ್ಲಿ ಎರಡೂವರೆಯಿಂದ ಮೂರೂವರೆ ರೂಪಾಯಿಯಷ್ಟನ್ನು ಬೆಲೆಯ ಮೇಲೆ ಸೇರಿಸಿ ಹೇಳುತ್ತಿದ್ದರು. ಹಾಗೆ ಸೇರಿಸಿದ್ದರಲ್ಲಿ ಸ್ವಲ್ಪ ಮಾತ್ರ ಕೈಗೆ ಬಂತು. ಮನೆ ಹೋಗುವುದು ಮಾತ್ರ ತಡವಾಯಿತು.

ತುಮಕೂರಿನಲ್ಲಿ ಕೊಂಡ ಬೆಲೆಗಿಂತ ಕಡಿಮೆಗೆ ಹಳೇ ಮನೆ ಮಾರಿದವರು ಅಪರೂಪ. ಹಾಗಾದರೆ ನಮಗೆ ಯಾವ ನಷ್ಟದ ಭಯ? ನಮ್ಮ ಭಯ ಬೇರೆ. ‘ಎರಡು ವರ್ಷದ ಹಿಂದೆ ಒಬ್ಬರು 85 ಲಕ್ಷಕ್ಕೆ ಕೇಳಿದ್ದರು, ನಾವೇ ಕೊಡಲಿಲ್ಲ.’ ಈ ಮಾತು ಇಲ್ಲದ ಮನೆ ನಾನು ನೋಡಿಲ್ಲ. ಆ 85ರ ಗಿರಾಕಿ ಅಡ್ವಾನ್ಸ್ ಕೊಟ್ಟಿರಲಿಲ್ಲ. ಅವರಿಗೆ ಸಾಲ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಬಾಯಿಮಾತಿಗೆ ಒಂದು ಸಂಖ್ಯೆ ಹೇಳಿ ಹೋದರು. ಆದರೆ ಆವತ್ತಿನಿಂದ ಆ 85 ನಮ್ಮ ಕೈಯಲ್ಲಿದ್ದ ದುಡ್ಡೇ ಆಗಿಬಿಡುತ್ತದೆ. ಇವತ್ತು 68ಕ್ಕೆ ನಿಜವಾದ ಗಿರಾಕಿ ಬಂದರೆ 17 ಲಕ್ಷ ಕಳೆದುಕೊಂಡ ಹಾಗೆ ಹೊಟ್ಟೆ ಉರಿಯುತ್ತದೆ. ಕಳೆದುಕೊಂಡಿದ್ದು ಏನೂ ಇಲ್ಲ. ಆದರೂ ಉರಿ ನಿಜ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಬೈದುಕೊಳ್ಳುವುದು ಇದೇ ವಿಷಯಕ್ಕೆ. ‘ನೀವು ಆವತ್ತೇ ಹೂಂ ಅಂದಿದ್ದರೆ’ ಅಂತ.

ಇದಕ್ಕೆ ಸಮಾಧಾನದ ಮಾತು ಸಾಲದು, ಸಂಖ್ಯೆ ಬೇಕು. ಬ್ಯಾಂಕುಗಳ ಪಟ್ಟಿಯಲ್ಲಿರುವ ಇಬ್ಬರು ವ್ಯಾಲ್ಯುಯರ್‌ಗಳಿಂದ ಲಿಖಿತ ಅಂದಾಜು ತರಿಸಿ. ಅಕ್ಕಪಕ್ಕದಲ್ಲಿ ಈಚೆಗೆ ನೋಂದಣಿಯಾದ ಮನೆ ನಿಜಕ್ಕೂ ಎಷ್ಟಕ್ಕೆ ಹೋಯಿತು ವಿಚಾರಿಸಿ. ಬ್ರೋಕರ್ ಬಾಯಲ್ಲಿ ಕೇಳಿದ್ದು ಬೇಡ, ಮಾರಿದವರನ್ನೇ ಕೇಳಿ. ಆಮೇಲೆ ಮನೆಮಂದಿ ಕೂತು ಎರಡು ಬೆಲೆ ಬರೆದುಕೊಳ್ಳಿ. ಹೊರಗೆ ಹೇಳುವುದು ಒಂದು, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವುದು ಇನ್ನೊಂದು. ಆ ಚೀಟಿ ಬೀರುವಿನಲ್ಲಿರಲಿ. ಗಿರಾಕಿ ಎದುರು ಕೂತಾಗ ಹೊಸದಾಗಿ ಯೋಚಿಸುವ ಕಷ್ಟ ತಪ್ಪುತ್ತದೆ. ಕೆಳಗಿನ ಬೆಲೆ ಬರೆಯುವಾಗ ಸರ್ಕಾರದ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ, ಒಮ್ಮೆ ನೋಡಿಕೊಳ್ಳಿ. ಅದು ನಿಮ್ಮ ಮಾರಾಟದ ಬೆಲೆಗಿಂತ ಶೇಕಡ 10 ಮೀರಿ ಮೇಲಿದ್ದರೆ ಆದಾಯ ತೆರಿಗೆಯವರು ಅದನ್ನೇ ನಿಮ್ಮ ಮಾರಾಟದ ಬೆಲೆ ಅಂತ ಹಿಡಿಯುತ್ತಾರೆ.

ಕಾಯುವುದಕ್ಕೂ ಖರ್ಚಿದೆ ಅನ್ನುವುದನ್ನು ಜನ ಮರೆಯುತ್ತಾರೆ. ಖಾಲಿ ಬಿದ್ದಿರುವ ಮನೆಗೆ 60 ಲಕ್ಷ ಬರುತ್ತಿದೆ, ನೀವು 65 ಆಗಲಿ ಅಂತ ಕಾಯುತ್ತಿದ್ದೀರಿ ಅನ್ನಿ. ಆ 60ನ್ನು ಶೇಕಡ 7ಕ್ಕೆ ಠೇವಣಿ ಇಟ್ಟಿದ್ದರೆ ವರ್ಷಕ್ಕೆ 4 ಲಕ್ಷ 20 ಸಾವಿರ, ತಿಂಗಳಿಗೆ 35 ಸಾವಿರ. ಹದಿನಾಲ್ಕು ಹದಿನೈದು ತಿಂಗಳು ಕಾದು 65 ತೆಗೆದುಕೊಂಡರೂ ಹೆಚ್ಚೇನೂ ಸಿಕ್ಕಿದ ಹಾಗಾಗಲಿಲ್ಲ. ನೀವೇ ಅದರಲ್ಲಿ ವಾಸ ಇದ್ದರೆ ಲೆಕ್ಕ ಬೇರೆ, ಬಾಡಿಗೆ ಉಳಿಯುತ್ತಿದೆ. ಬೀಗ ಹಾಕಿದ ಮನೆಗೆ ಆ ಸಮಾಧಾನವೂ ಇಲ್ಲ. ಅಂಗಳದಲ್ಲಿ ಕಳೆ ಬೆಳೆದ ಹಾಗೆ ಬೆಲೆಯೂ ಇಳಿಯುತ್ತದೆ.

ಮನೆಮಂದಿ ಅಂದೆ. ಒತ್ತಡ ಜಗಳವಾಗಿ ಒಡೆಯುವುದು ಅಲ್ಲೇ. ಅಪ್ಪ ಕಟ್ಟಿಸಿದ ಮನೆ, ಮಕ್ಕಳು ಮೂವರು. ಒಬ್ಬ ಬೆಂಗಳೂರಿನಲ್ಲಿ, ಮಗಳು ತಿಪಟೂರಿನಲ್ಲಿ, ಒಬ್ಬ ಇಲ್ಲೇ ಅಮ್ಮನ ಜೊತೆ. ಬಂದ ಗಿರಾಕಿಗೆ ಇಲ್ಲಿರುವವನು 70 ಅಂದರೆ, ಬೆಂಗಳೂರಿನವನು ಫೋನಿನಲ್ಲಿ 80 ಅನ್ನುತ್ತಾನೆ. ಗಿರಾಕಿ ಹೆದರಿ ಓಡುತ್ತಾನೆ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲಿ ದೇಶಕ್ಕೆಲ್ಲ ಕಾನೂನು ಬಂದಾಯಿತು. ಆದರೂ ಮಗಳನ್ನು ಕೊನೆಗೆ ಸಹಿಗೆ ಮಾತ್ರ ಕರೆಯುತ್ತಾರೆ. ಆಗ ಆಕೆ ಸಹಿ ಹಾಕಲ್ಲ ಅಂದರೆ ತಪ್ಪು ಯಾರದು? ಮೊದಲ ದಿನವೇ ಕೂರಿಸಿಕೊಂಡು ಮಾತಾಡಿ. ಗಿರಾಕಿಗಳ ಜೊತೆ ಮಾತಾಡುವವರು ಒಬ್ಬರೇ ಇರಲಿ. ಮನೆ ತೋರಿಸುವುದು ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ಮಾತ್ರ ಅಂತ ಬ್ರೋಕರ್‌ಗೆ ಹೇಳಿಬಿಡಿ. ಇದರಿಂದ ಗಿರಾಕಿ ತಪ್ಪಿಹೋಗುತ್ತಾನೆ ಅಂತ ಗಂಡಸರು ಹೇಳುತ್ತಾರೆ. ಯಾಕೆಂದರೆ ವಾರವಿಡೀ ಮನೆಯನ್ನು ನೆಂಟರು ಬರುವ ದಿನದ ಹಾಗೆ ಇಟ್ಟುಕೊಳ್ಳಬೇಕಾದವರು ಅವರಲ್ಲ. ನಿಜವಾಗಿ ಕೊಳ್ಳುವವರು ಭಾನುವಾರದವರೆಗೆ ಕಾಯುತ್ತಾರೆ.

ಮದುವೆ ಮನೆಗೆ ಹೋದರೂ ‘ಮನೆ ಹೋಯ್ತಾ?’ ಅನ್ನುವ ಪ್ರಶ್ನೆ. ‘ನಡೀತಾ ಇದೆ’ ಅನ್ನಿ, ಊಟಕ್ಕೆ ನಡೆಯಿರಿ. ಎಲ್ಲರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಆಷಾಢ, ಪಿತೃಪಕ್ಷ, ಧನುರ್ಮಾಸ. ಈ ಮೂರರಲ್ಲಿ ಗಿರಾಕಿ ಬರಲಿಲ್ಲ ಅಂತ ಕೊರಗುವುದು ಸುಮ್ನೆ ವ್ಯರ್ಥ. ಆಗ ಬೋರ್ಡ್ ಇಳಿಸಿ ಊರಿಗೆ ಹೋಗಿಬನ್ನಿ. ಶ್ರಾವಣ, ಕಾರ್ತಿಕ, ಯುಗಾದಿ ಆಸುಪಾಸಿನಲ್ಲಿ ಜನ ಓಡಾಡುತ್ತಾರೆ. ವಾಸ್ತು ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ, ಗಲಾಟೆಯಾಗುತ್ತದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಮಾರುವ ಮನೆಗೆ ಲಕ್ಷ ಖರ್ಚು ಮಾಡಿ ಬಾಗಿಲು ಬದಲಿಸಬೇಡಿ. ಆ ದುಡ್ಡಿಗೆ ಸೋರುವ ತಾರಸಿ ಸರಿಮಾಡಿಸಿ.

ಕಾಗದಪತ್ರಕ್ಕೆ ಬರೋಣ. ಚಿಂತೆ ಹೆಚ್ಚಾದಾಗ ಕೈಗೆ ಕೆಲಸ ಬೇಕು, ಈ ಕೆಲಸ ಅದಕ್ಕೆ ಚೆನ್ನಾಗಿದೆ. 2024ರ ಅಕ್ಟೋಬರ್‌ನಿಂದ ಹಂತಹಂತವಾಗಿ ನೋಂದಣಿಗೆ ಇ-ಖಾತೆ, ಅಂದರೆ ಕಂಪ್ಯೂಟರ್‌ನಲ್ಲಿ ದಾಖಲಾದ ಆಸ್ತಿ ಖಾತೆ, ಕಡ್ಡಾಯ ಆಗಿದೆ. ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಇವತ್ತೇ ಹೊರಡಿ. ವಂಶವೃಕ್ಷ, ಮರಣ ಪತ್ರ, ತೆರಿಗೆ ರಸೀದಿ, 30 ವರ್ಷದ ಇ.ಸಿ., ಅಂದರೆ ಋಣಭಾರ ಪತ್ರ, ಎಲ್ಲ ಒಂದು ಫೈಲಿನಲ್ಲಿರಲಿ. ಹಳೇ ಸಾಲ ತೀರಿಸಿದ್ದರೂ ಇ.ಸಿ.ಯಲ್ಲಿ ಅಡಮಾನ ಹಾಗೇ ಕಾಣುತ್ತಿರುವುದು ನಾನು ಬಹಳ ನೋಡಿದ್ದೇನೆ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ವಾಪಸ್ ಕೊಡಬೇಕು. ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. ಧೈರ್ಯವಾಗಿ ಕೇಳಿ.

ಅಡ್ವಾನ್ಸ್ ವಿಷಯ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತೆಗೆದುಕೊಂಡವರಿಗೆ. ಬ್ಯಾಂಕ್ ಮೂಲಕವೇ ಪಡೆಯಿರಿ. ಕರಾರಿನಲ್ಲಿ ಗಡುವು ಬರೆಸಿ. ಕರಾರಾದ ಖುಷಿಯಲ್ಲಿ ಇನ್ನೊಂದು ಕಡೆ ಸೈಟಿಗೆ ಅಡ್ವಾನ್ಸ್ ಕೊಟ್ಟು ಸಿಕ್ಕಿಹಾಕಿಕೊಂಡವರ ಒತ್ತಡದ ಮುಂದೆ ಬೇರೆ ಯಾವುದೂ ಇಲ್ಲ. ಈ ಕಡೆ ನೋಂದಣಿ ಆಗದೆ ಆ ಕಡೆ ಮಾತು ಕೊಡಬೇಡಿ. ಮಾರಿದ ಲಾಭಕ್ಕೆ ತೆರಿಗೆ ಬೀಳದ ಹಾಗೆ ಅದರಲ್ಲಿ ಇನ್ನೊಂದು ಮನೆ ಕೊಳ್ಳಲು ತೆರಿಗೆ ಕಾನೂನೇ ಎರಡು ವರ್ಷ ಕೊಡುತ್ತದೆ, ಕಟ್ಟಿಸಲು ಮೂರು ವರ್ಷ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಗೆ ಎರಡು ಥರದ ಲೆಕ್ಕ ಇದೆ. ಹಣದುಬ್ಬರದ ಪಾಲು ಕಳೆದು ಉಳಿದ ಲಾಭಕ್ಕೆ ಶೇಕಡ 20 ತೆರಿಗೆ, ಕಳೆಯದೆ ಶೇಕಡ 12.5. ಯಾವುದು ಕಡಿಮೆಯೋ ಅದು. ಆಡಿಟರ್ ಹತ್ತಿರ ಮೊದಲೇ ಹೋಗಿ, ಮಾರಿದ ಮೇಲೆ ಅಲ್ಲ.

ಇಷ್ಟೆಲ್ಲ ಮಾಡಿದರೂ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮಾತೆತ್ತಿದರೆ ಸಿಟ್ಟು ಅನ್ನುವುದು ವಾರಗಟ್ಟಲೆ ನಡೆದರೆ, ಮನೆ ಮಾರಿದ ಮೇಲೆ ಸರಿಹೋಗುತ್ತದೆ ಅಂತ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ಗಡುವು. ಇಂತಿಷ್ಟು ತಿಂಗಳಲ್ಲಿ ಹೋಗದಿದ್ದರೆ ಏನು ಮಾಡುತ್ತೀರಿ ಅನ್ನುವುದೂ ಆ ಚೀಟಿಯಲ್ಲಿ ಇರಬೇಕು. ಬೆಲೆ ಇಳಿಸುತ್ತೀರಾ, ಬಾಡಿಗೆಗೆ ಕೊಡುತ್ತೀರಾ? ಭೋಗ್ಯಕ್ಕೆ ಕೊಡುವ ಮುಂಚೆ ಯೋಚಿಸಿ. ದೊಡ್ಡ ಮೊತ್ತ ಕೈಗೆ ಬರುತ್ತದೆ ನಿಜ, ಆದರೆ ಆಮೇಲೆ ಗಿರಾಕಿ ಬಂದರೆ ಮೊದಲು ಆ ದುಡ್ಡು ವಾಪಸ್ ಕೊಡಬೇಕಲ್ವಾ. ತಿಂಗಳ ಖರ್ಚಿಗಾಗಿಯೇ ಮನೆ ಮಾರಲು ಹೊರಟ ಹಿರಿಯರಿಗೆ ಇನ್ನೊಂದು ದಾರಿ ಇದೆ. 60 ದಾಟಿದವರು ಇದ್ದ ಮನೆಯನ್ನೇ ಬ್ಯಾಂಕಿಗೆ ಅಡವಿಟ್ಟು ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಸಾಲ. 2007ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿದ್ದು. ಬದುಕಿರುವವರೆಗೆ ಅದೇ ಮನೆಯಲ್ಲಿ ಇರಬಹುದು. ಸಾಲದ ಲೆಕ್ಕ ಮುಗಿಯುವುದು ಅವರ ನಂತರ. ಮಕ್ಕಳಿಗೆ ಬೇಸರವಾಗುತ್ತದೆ ಅಂತ ನಮ್ಮಲ್ಲಿ ಬಹಳ ಜನ ಇದನ್ನು ಕೇಳುವುದೇ ಇಲ್ಲ. ಎಲ್ಲ ಬ್ಯಾಂಕುಗಳಲ್ಲೂ ಸಿಗುವುದಿಲ್ಲ, ನಾಲ್ಕು ಕಡೆ ವಿಚಾರಿಸಬೇಕು.

ನನ್ನ ಸಮಯ ಮುಗಿಯಿತು ಅಂತ ಅಧ್ಯಕ್ಷರು ನೋಡುತ್ತಿದ್ದಾರೆ. ಇ.ಸಿ., ಖಾತೆ ನಕಲು ತಂದಿರುವವರು ಟೀ ಕುಡಿದು ಈ ಕಡೆ ಮೇಜಿಗೆ ಬನ್ನಿ, ನೋಡೋಣ.